ಒಡೆತನವೇ, ಗೇಣಿಯೇ?

ದೇಶದ ಸರಕಾರಿ ಕಾಲೇಜು ಹಾಗೂ ವಿಶ್ವವಿದ್ಯಾನಿಲಯಗಳಿಗೆ ವಿದ್ವತ್ ಪತ್ರಿಕೆಗಳನ್ನು ಒಟ್ಟಾಗಿ ತರಿಸಿಕೊಡುವ 'ಒಂದು ರಾಷ್ಟ್ರ, ಒಂದು ಚಂದಾ' ಯೋಜನೆಗೆ ಕೇಂದ್ರ ಸಚಿವ ಸಂಪುಟವು 2024ರ ನವೆಂಬರ್ 25ರಂದು ಒಪ್ಪಿಗೆಯಿತ್ತಿತು. 2025ರ ಜನವರಿ 1ರಿಂದ ಅದು ಜಾರಿಗೆ ಬಂತು. 2025, 2026 ಮತ್ತು 2027, ಈ ಮೂರು ವರ್ಷಗಳಿಗೆ ಮಂಜೂರಾದ ಮೊತ್ತ 6,000 ಕೋಟಿ ರೂಪಾಯಿ. 30 ಮಂದಿ ಅಂತಾರಾಷ್ಟ್ರೀಯ ಪ್ರಕಾಶಕರ ಸುಮಾರು 13,000 ಪತ್ರಿಕೆಗಳನ್ನು 6,300ಕ್ಕೂ ಮಿಕ್ಕಿದ ಸಂಸ್ಥೆಗಳ 1.8 ಕೋಟಿಯಷ್ಟು ವಿದ್ಯಾರ್ಥಿಗಳೂ ಅಧ್ಯಾಪಕರೂ ಸಂಶೋಧಕರೂ ಕಂಪ್ಯೂಟರಿನಲ್ಲಿ ಓದಲು ಇದರಿಂದ ಅನುಕೂಲ. ವ್ಯವಸ್ಥೆಯ ಹೊಣೆ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರದ್ದು.

ಯೋಜನೆ ಸ್ವಾಗತಾರ್ಹವೆಂಬುದರಲ್ಲಿ ಎರಡು ಮಾತಿಲ್ಲ. ಒಂದೊಂದು ಕಾಲೇಜು ಒಂಟಿಯಾಗಿ ಪ್ರಕಾಶಕರ ಮುಂದೆ ನಿಂತು ಚೌಕಾಸಿ ಮಾಡುವುದಕ್ಕಿಂತ ಇಡೀ ದೇಶವೇ ಒಂದಾಗಿ ಚೌಕಾಸಿ ಮಾಡುವುದು ಜಾಣತನ. ದೊಡ್ಡ ನಗರಗಳ ಹೆಸರಾಂತ ಸಂಸ್ಥೆಗಳಿಗೆ ಮಾತ್ರ ಎಟಕುತ್ತಿದ್ದ ಪತ್ರಿಕೆಗಳು ಮೂಲೆಯ ಊರಿನ ಸರಕಾರಿ ಕಾಲೇಜಿಗೂ ಸಿಗುವುದೆಂದರೆ ಅದು ಸಣ್ಣ ಸಂಗತಿಯಲ್ಲ. 2010ರಲ್ಲಿ ಆರಂಭವಾದ 'ಎನ್-ಲಿಸ್ಟ್' ಎಂಬ ಏರ್ಪಾಡು ಕಾಲೇಜುಗಳಿಗೆ ಈ ದಾರಿಯ ಮೊದಲ ಮೆಟ್ಟಿಲಾಗಿತ್ತು. ಈಗಿನದು ಅದಕ್ಕಿಂತ ಎಷ್ಟೋ ದೊಡ್ಡ ಹೆಜ್ಜೆ.

ಆದರೆ ಹೊಗಳಿಕೆ ಮುಗಿಸಿದ ಬಳಿಕ ಎರಡು ಪ್ರಶ್ನೆಗಳು ಉಳಿಯುತ್ತವೆ. ಇಷ್ಟು ಹಣ ಕೊಟ್ಟು ನಾವು ಕೊಂಡದ್ದೇನು? ಕೊಳ್ಳದೆ ಬಿಟ್ಟದ್ದೇನು?

ಮೊದಲನೆಯ ಪ್ರಶ್ನೆಗೆ ಉತ್ತರವನ್ನು ನಮ್ಮ ಜಿಲ್ಲೆಯ ಹಿರಿಯ ಒಕ್ಕಲುಗಳು ಬೇಗನೆ ಗ್ರಹಿಸಿಯಾರು. ಹಿಂದಿನ ದಕ್ಷಿಣ ಕನ್ನಡದಲ್ಲಿ ಗೇಣಿ ಎರಡು ಬಗೆ. ಮೂಲಗೇಣಿದಾರ ಗೊತ್ತಾದ ಗೇಣಿ ಕೊಡುತ್ತಿದ್ದಷ್ಟು ಕಾಲ ಅವನನ್ನೂ ಅವನ ಮಕ್ಕಳನ್ನೂ ಎಬ್ಬಿಸುವಂತಿರಲಿಲ್ಲ. ಚಾಲಗೇಣಿದಾರನ ಪಾಡು ಬೇರೆ. ವರ್ಷ ವರ್ಷ ಗೇಣಿ ಏರಬಹುದು. ಧನಿಗಳು ಬೇಡವೆಂದರೆ ಗದ್ದೆಯೂ ಇಲ್ಲ, ತಾನು ನೆಟ್ಟ ತೆಂಗಿನ ಮರವೂ ತನ್ನದಲ್ಲ. ಕೇರಳದಲ್ಲಿ 1970ರ ಜನವರಿ 1ರಿಂದ ಗೇಣಿಪದ್ಧತಿಯೇ ರದ್ದಾಯಿತು. ಉತ್ತವನು ಹೊಲದೊಡೆಯನಾದ. ಗದ್ದೆಯಿಂದ ಹೋದ ಚಾಲಗೇಣಿ ಈಗ ಗ್ರಂಥಾಲಯಕ್ಕೆ ಬಂದು ಕುಳಿತಿದೆ ಎಂದರೆ ಅತಿಶಯೋಕ್ತಿಯಾಗದು.

ಒಂದು ಮುದ್ರಿತ ಗ್ರಂಥವನ್ನು ಕಾಲೇಜು ಕೊಂಡಿತೆಂದರೆ ಅದು ಕಾಲೇಜಿನ ಸೊತ್ತು. ದಾಖಲೆ ಪುಸ್ತಕದಲ್ಲಿ ನಂಬರು ಬೀಳುತ್ತದೆ, ಬೆನ್ನಿಗೆ ಚೀಟಿ ಅಂಟುತ್ತದೆ. ಅನಂತರ ಅದನ್ನು ವಿದ್ಯಾರ್ಥಿಗೆ ಕೊಡಬಹುದು, ಪಕ್ಕದ ಕಾಲೇಜಿಗೆ ಎರವಲು ಕಳುಹಿಸಬಹುದು, ಊರಿನ ನಿವೃತ್ತ ಮಾಸ್ತರರಿಗೆ ಮೇಜಿನ ಮುಂದೆ ಕುಳಿತು ಓದಲು ಬಿಡಬಹುದು. ಐವತ್ತು ವರ್ಷ ಕಳೆದರೂ ಪ್ರಕಾಶಕರನ್ನು ಕೇಳಬೇಕಾಗಿಲ್ಲ. ಕಂಪ್ಯೂಟರಿನಲ್ಲಿ ಬರುವ ಪತ್ರಿಕೆಯೂ ಪುಸ್ತಕವೂ ಹಾಗಲ್ಲ. ಅದಕ್ಕೆ ಕೊಡುವುದು ಬೆಲೆಯಲ್ಲ, ಲೈಸೆನ್ಸಿನ ಹಣ. ಯಾರು ಓದಬಹುದು, ಎಷ್ಟು ಪುಟ ಇಳಿಸಿಕೊಳ್ಳಬಹುದು, ಹೊರಗಿನವರಿಗೆ ತೋರಿಸಬಹುದೇ, ಚಂದಾ ನಿಂತರೆ ಹಳೆಯ ಸಂಚಿಕೆಗಳಾದರೂ ಉಳಿಯುವವೇ ಎಂಬುದೆಲ್ಲ ಆ ಗೇಣಿಚೀಟಿನಲ್ಲಿ ಬರೆದಂತೆ. ಚೀಟನ್ನು ಬರೆಯುವವರು ಧನಿಗಳೇ.

ಇದು ಬರಿಯ ಭಯವಲ್ಲ. 2009ರಲ್ಲಿ ಅಮೆಜಾನ್ ಕಂಪೆನಿ ತನ್ನ ಕಿಂಡಲ್ ಯಂತ್ರಗಳಿಗೆ ಹಣ ಪಡೆದು ಕೊಟ್ಟಿದ್ದ ಜಾರ್ಜ್ ಆರ್ವೆಲ್ಲರ ಕಾದಂಬರಿಗಳನ್ನು, ಮಾರಾಟದ ಹಕ್ಕಿನ ತಕರಾರು ಎದ್ದೊಡನೆ, ಓದುಗರ ಯಂತ್ರಗಳೊಳಗಿನಿಂದಲೇ ಅಳಿಸಿಹಾಕಿತು. ಕಂಪೆನಿ ಕ್ಷಮೆ ಕೇಳಿದ್ದು ಅನಂತರದ ಮಾತು. ಅಂಗಡಿಯವನು ರಾತ್ರಿ ಮನೆಗೆ ನುಗ್ಗಿ, ಮಾರಿದ ಪುಸ್ತಕವನ್ನು ಕಪಾಟಿನಿಂದ ಒಯ್ದು ಹಣವನ್ನು ಮೇಜಿನ ಮೇಲಿಟ್ಟು ಹೋದರೆ ಹೇಗೋ ಹಾಗೆ. ಕೇಂದ್ರ ಸರಕಾರದ 2017ರ ಹಣಕಾಸು ನಿಯಮಾವಳಿಯಲ್ಲಿ, ವರ್ಷದಲ್ಲಿ ಓದಲು ಕೊಟ್ಟ ಸಾವಿರ ಪುಸ್ತಕಗಳಲ್ಲಿ ಐದು ಕಳೆದುಹೋದರೆ ಅದು ಸಹಜ ನಷ್ಟವೆಂದು ಒಪ್ಪಲಾಗಿದೆ. ಆರನೆಯದು ಕಳೆದರೆ ಗ್ರಂಥಪಾಲರಿಗೆ ವಿವರಣೆ ಕೊಡುವ ಫಜೀತಿ. ಲೈಸೆನ್ಸು ಮುಗಿದ ದಿನ ಸಾವಿರಕ್ಕೆ ಸಾವಿರವೂ ಕಾಣದಾದರೆ ವಿವರಣೆ ಕೊಡುವವರು ಯಾರು?

ಇನ್ನೊಂದು ವಿಪರ್ಯಾಸವನ್ನೂ ಹೇಳಲೇಬೇಕು. ನಮ್ಮ ವಿಜ್ಞಾನಿಗಳಿಗೆ ಸಂಬಳ ಕೊಡುವುದು ಸರಕಾರ, ಪ್ರಯೋಗಾಲಯ ಕಟ್ಟುವುದು ಸರಕಾರ. ಅವರು ಬರೆದ ಲೇಖನವನ್ನು ಪರಿಶೀಲಿಸುವ ಇತರ ವಿದ್ವಾಂಸರು ಸಾಮಾನ್ಯವಾಗಿ ಬಿಟ್ಟಿಯಾಗಿ ದುಡಿಯುತ್ತಾರೆ. ಅದೇ ಲೇಖನವನ್ನು ಓದಲು ಪುನಃ ಸರಕಾರವೇ ಹಣ ತೆರಬೇಕು. ಎಲ್ಲರೂ ಉಚಿತವಾಗಿ ಓದುವಂತೆ ಪ್ರಕಟಿಸಬೇಕಾದರೆ ಲೇಖಕನೇ ಶುಲ್ಕ ಕಟ್ಟಬೇಕು. ಅದಕ್ಕೆಂದೂ ವರ್ಷಕ್ಕೆ 150 ಕೋಟಿ ರೂಪಾಯಿಗಳ ಏರ್ಪಾಡು ಇದೇ ಯೋಜನೆಯಲ್ಲಿದೆ. ಹೊಳೆನೀರಿಗೆ ದೊಣ್ಣೆನಾಯಕನ ಅಪ್ಪಣೆ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಎರಡನೆಯ ಪ್ರಶ್ನೆ ನಮಗೆ ಹೆಚ್ಚು ಹತ್ತಿರದ್ದು. ಅದನ್ನು ವಿವರಿಸಲು ಓದುಗರನ್ನು ನಾವು ಕಾಸರಗೋಡಿನಿಂದ ನೀಲಗಿರಿಗೆ ಕರೆದೊಯ್ಯಬೇಕಾಗಿದೆ. ನಾವು ಮಲಯಾಳದ ನಡುವೆ ಇದ್ದಂತೆ, ತಮಿಳಿನ ನಡುವೆ ಕನ್ನಡದ ಬಳಗದ ಒಂದು ನುಡಿಯನ್ನಾಡುವ ಜನ ಅಲ್ಲಿದ್ದಾರೆ. 1956ರ ನವೆಂಬರ್ 1ರ ವರೆಗೆ ಅವರೂ ನಾವೂ ಒಂದೇ ಮದ್ರಾಸು ರಾಜ್ಯದವರು.

ಉದಕಮಂಡಲದ ಬಳಿ ತುಮ್ಮನಟ್ಟಿ ಎಂಬ ಹಳ್ಳಿಯಿದೆ. ಬಡಗರ ಹಟ್ಟಿ ಅದು. 'ಬಡಗ' ಎಂದರೆ ಬಡಗು ದಿಕ್ಕಿನವನು, ಉತ್ತರದಿಂದ ಬಂದವನು. ನಮ್ಮ ಯಕ್ಷಗಾನದ 'ಬಡಗುತಿಟ್ಟು' ಎಂಬಲ್ಲಿರುವ ಬಡಗೂ ಅದೇ. ಮೈಸೂರು ಸೀಮೆಯಿಂದ ಶತಮಾನಗಳ ಹಿಂದೆ ಬೆಟ್ಟವೇರಿದವರೆಂಬುದು ಅವರ ಪರಂಪರೆಯ ನಂಬಿಕೆ. 2011ರ ಜನಗಣತಿಯಲ್ಲಿ ಬಡಗವನ್ನು ಮಾತೃಭಾಷೆಯಾಗಿ ಬರೆಸಿದವರು ಸುಮಾರು 1.33 ಲಕ್ಷ ಮಂದಿ. ಜನಗಣತಿಯ ಲೆಕ್ಕದಲ್ಲಿ ಅವರನ್ನು ಕನ್ನಡದ ತಲೆಬರಹದ ಕೆಳಗೆ ಸೇರಿಸಲಾಗಿದೆ. ಬಡಗವು ಕನ್ನಡದ ಉಪಭಾಷೆಯಲ್ಲ, ಸ್ವತಂತ್ರ ಭಾಷೆ ಎಂಬುದು ಅನೇಕ ಬಡಗರ ಮತ್ತು ಭಾಷಾವಿಜ್ಞಾನಿಗಳ ಅಭಿಪ್ರಾಯ. ಆ ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಅಕ್ಕನೋ ತಂಗಿಯೋ, ಒಂದೇ ಮನೆಯವರು ಎಂಬಷ್ಟು ನಮಗೆ ಸಾಕು.

ಈ ತುಮ್ಮನಟ್ಟಿಯ ಒಬ್ಬ ಹುಡುಗಿ ಉದಕಮಂಡಲದ ಸರಕಾರಿ ಕಲಾ ಕಾಲೇಜು ಸೇರಿ, ತನ್ನ ಅಜ್ಜಿ ಆಡುವ ಮಾತಿನ ಮೇಲೆ ಒಂದು ಪ್ರಬಂಧ ಬರೆಯಹೊರಟಳೆಂದು ಭಾವಿಸೋಣ. 1955ರಲ್ಲಿ ಆರಂಭವಾದ ಆ ಕಾಲೇಜು ಸಲಿವನ್ ದೊರೆ ಕಟ್ಟಿಸಿದ 'ಸ್ಟೋನ್ ಹೌಸ್' ಎಂಬ ಚಾರಿತ್ರಿಕ ಕಟ್ಟಡದಲ್ಲಿದೆ. ಸರಕಾರಿ ಕಾಲೇಜಾದುದರಿಂದ ಹೊಸ ಯೋಜನೆಯಂಥದು ಉದ್ದೇಶಿಸಿದ್ದು ಅಂಥ ಸಂಸ್ಥೆಗಳನ್ನೇ. ಹುಡುಗಿಗೆ ಆಮ್‌ಸ್ಟರ್‌ಡಾಮ್, ಲಂಡನ್ನುಗಳ ಭೌತವಿಜ್ಞಾನದ ಪತ್ರಿಕೆಗಳು ತೆರೆದುಕೊಳ್ಳುತ್ತವೆ. ಸಂತೋಷ. ಅವಳಿಗೆ ಬೇಕಾದದ್ದು ಎಲ್ಲಿದೆ ನೋಡೋಣ.

ಬಡಗ ಭಾಷೆಯ ಸ್ವರಗಳ ವೈಚಿತ್ರ್ಯವನ್ನು, ನಾಲಗೆ ಮಡಚಿ ಉಚ್ಚರಿಸುವ ಅದರ ಸ್ವರಗಳನ್ನು ಲೋಕಕ್ಕೆ ತಿಳಿಸಿದವರು ಎಂ. ಬಿ. ಎಮೆನೋ. ಅವರ ಲೇಖನ ಪ್ರಕಟವಾದುದು 1939ರಲ್ಲಿ, ಅಮೇರಿಕದ 'ಲ್ಯಾಂಗ್ವೇಜ್' ಪತ್ರಿಕೆಯಲ್ಲಿ. ಪಾಲ್ ಹಾಕಿಂಗ್ಸ್ ಮತ್ತು ಕ್ರಿಸ್ತಿಯಾನ್ ಪಿಲೋ-ರೈಷೂರ್ ಸಿದ್ಧಪಡಿಸಿದ ಬಡಗ-ಇಂಗ್ಲಿಷ್ ನಿಘಂಟು 1992ರಲ್ಲಿ ಹೊರಬಂದುದು ಬರ್ಲಿನ್ನಿನ ಪ್ರಕಾಶಕರಿಂದ. ನೀಲಗಿರಿಯ ಬಗ್ಗೆ ಲೋಕದಲ್ಲಿ ಏನೇನು ಬರೆದಿದ್ದಾರೆಂಬ ಹಾಕಿಂಗ್ಸರ ಗ್ರಂಥಸೂಚಿಯ ಪರಿಷ್ಕೃತ ಆವೃತ್ತಿ 1996ರಲ್ಲಿ ಪ್ರಕಟವಾದುದು ಫ್ರಾನ್ಸಿನ ಬೋರ್ಡೋದಲ್ಲಿ. ಬಾಸೆಲ್ ಮಿಶನಿನವರು 1846ರಲ್ಲಿ ಕೇತಿಯಲ್ಲಿ ನೆಲೆಯೂರಿ ಬಡಗರ ನಡುವೆ ಶಾಲೆ ತೆರೆದು ಕನ್ನಡ ಕಲಿಸಿದವರು. ಅವರ ಪೈಕಿ ಮೆಟ್ಜ್ ಪಾದ್ರಿ ನೀಲಗಿರಿಯ ಜನಾಂಗಗಳ ಬಗ್ಗೆ ಬರೆದ ಇಂಗ್ಲಿಷ್ ಪುಸ್ತಕದ ಎರಡನೆಯ ಆವೃತ್ತಿ 1864ರಲ್ಲಿ ಅಚ್ಚಾದುದು ನಮ್ಮ ಪಕ್ಕದ ಮಂಗಳೂರಿನಲ್ಲಿ. ಮಿಶನಿನ ಕಾಗದಪತ್ರಗಳಿರುವುದು ಸ್ವಿಜರ್ಲೆಂಡಿನ ಬಾಸೆಲ್ ನಗರದಲ್ಲಿ. ಆರ್. ಬಾಲಕೃಷ್ಣನ್ ಅವರ ಬಡಗ ವ್ಯಾಕರಣ 1999ರಲ್ಲಿ ಬಂದುದು ಅಣ್ಣಾಮಲೈ ವಿಶ್ವವಿದ್ಯಾನಿಲಯದಿಂದ. ಹೋಲಿಸಿ ನೋಡಲು ಬೇಕಾದ ಕಿಟೆಲ್ ನಿಘಂಟು ಮೊದಲು ಮಂಗಳೂರಿನಲ್ಲಿ 1894ರಲ್ಲಿ ಬಂತು. ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿದ ಅದರ ನಾಲ್ಕು ಸಂಪುಟಗಳು 1968ರಿಂದ 1971ರ ನಡುವೆ ಮದ್ರಾಸು ವಿಶ್ವವಿದ್ಯಾನಿಲಯದಿಂದ ಬಂದವು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಬೆಂಗಳೂರಿನದು.

ಹೀಗೆ ಒಬ್ಬ ಹಳ್ಳಿಯ ಹುಡುಗಿಯ ಮನೆಮಾತು ಬರ್ಲಿನ್, ಬೋರ್ಡೋ, ಬಾಸೆಲ್‌ಗಳಲ್ಲಿ ಹಂಚಿಹೋಗಿದೆ. ಇದರಲ್ಲಿ ಆ ವಿದ್ವಾಂಸರ ತಪ್ಪೇನೂ ಇಲ್ಲ. ಅವರು ದುಡಿಯದೆ ಇದ್ದಿದ್ದರೆ ಇಷ್ಟೂ ಇರುತ್ತಿರಲಿಲ್ಲ. ಆದರೆ ಇವುಗಳಲ್ಲಿ ಹೆಚ್ಚಿನವು ಪತ್ರಿಕೆಗಳಲ್ಲ, ಪುಸ್ತಕಗಳು. ಪತ್ರಿಕೆಗಳ ಚಂದಾ ಕಟ್ಟುವ ಯೋಜನೆ ಅವುಗಳನ್ನು ಕೊಂಡುಕೊಡುವುದಿಲ್ಲ. ಆ 30 ಮಂದಿ ಪ್ರಕಾಶಕರು ಕನ್ನಡ ಪುಸ್ತಕಗಳಿಗೆ ಹೆಸರಾದವರಲ್ಲ. ಯೂರೋ ಲೆಕ್ಕದ ನಿಘಂಟಾಗಲಿ, ರೂಪಾಯಿ ಲೆಕ್ಕದ ಕನ್ನಡ ಪುಸ್ತಕವಾಗಲಿ, ಕಾಲೇಜಿನ ಗ್ರಂಥಾಲಯ ಸಮಿತಿ ಹೆಸರು ಬರೆದು ತರಿಸಿದರೆ ಉಂಟು, ಇಲ್ಲವಾದರೆ ಇಲ್ಲ. ಧಾರವಾಡದ ಯಾ ಪುತ್ತೂರಿನ ಸಣ್ಣ ಪ್ರಕಾಶಕ ಮೂರು ಪ್ರತಿಗಳಿಗಾಗಿ ಊಟಿಯ ಕಾಲೇಜಿಗೆ ಕೊಟೇಶನ್ ಕಳುಹಿಸುವನೆಂದು ನಿರೀಕ್ಷಿಸುವುದು ಹೇಗೆ?

1954ರ ಪುಸ್ತಕ ಸಲ್ಲಿಕೆ ಕಾಯಿದೆಯ ಪ್ರಕಾರ ಭಾರತದ ಪ್ರತಿಯೊಬ್ಬ ಪ್ರಕಾಶಕನೂ ಹೊಸ ಪುಸ್ತಕದ ಪ್ರತಿಯನ್ನು ಕಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಬೇರೆ ಮೂರು ಗ್ರಂಥಾಲಯಗಳಿಗೂ ಕಳುಹಿಸಬೇಕು. ಆ ಮೂರರಲ್ಲಿ ಚೆನ್ನೈಯ ಕನ್ನಿಮಾರಾ ಒಂದು. ಅಂದರೆ ಕಾನೂನು ಪಾಲನೆಯಾದಷ್ಟರ ಮಟ್ಟಿಗೆ ಕನ್ನಡ ಪುಸ್ತಕಗಳು ತಮಿಳುನಾಡಿನೊಳಗೆ ಬರುತ್ತಲೇ ಇವೆ. ಆದರೆ ತುಮ್ಮನಟ್ಟಿಯಿಂದ ಚೆನ್ನೈಗೆ 500 ಕಿಲೋಮೀಟರಿಗೂ ಹೆಚ್ಚು ದೂರ. ಉದಕಮಂಡಲದಲ್ಲೇ 1859ರಲ್ಲಿ ಸ್ಥಾಪನೆಯಾದ ನೀಲಗಿರಿ ಗ್ರಂಥಾಲಯವಿದ್ದರೂ ಅದು ಚಂದಾದಾರ ಸದಸ್ಯರ ಸಂಸ್ಥೆ.

ಇಷ್ಟೆಲ್ಲ ಹೇಳಿದ್ದು ನೀಲಗಿರಿಯ ಮೇಲಿನ ಮರುಕದಿಂದ ಮಾತ್ರವಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಕಾಸರಗೋಡಿನ ಸರಕಾರಿ ಕಾಲೇಜು 1957ರದು. ಮಂಜೇಶ್ವರದ ಗೋವಿಂದ ಪೈ ಸ್ಮಾರಕ ಸರಕಾರಿ ಕಾಲೇಜು 1980ರದು. ಪೆರಿಯದ ಕೇಂದ್ರೀಯ ವಿಶ್ವವಿದ್ಯಾನಿಲಯ 2009ರದು. ಕನ್ನಡ ಓದುವ ಮಕ್ಕಳು ಈ ಜಿಲ್ಲೆಯಲ್ಲಿ ಇಂದಿಗೂ ಇದ್ದಾರೆ. ಆದರೆ ಮಂಜೇಶ್ವರದ ಗೋವಿಂದ ಪೈಗಳು ಜೀವಮಾನವಿಡೀ ಕೂಡಿಸಿದ ಗ್ರಂಥಭಂಡಾರವಿರುವುದು ಉಡುಪಿಯ ಎಂಜಿಎಂ ಕಾಲೇಜಿನಲ್ಲಿರುವ ಅವರ ಹೆಸರಿನ ಸಂಶೋಧನ ಕೇಂದ್ರದಲ್ಲಿ. ಅಲ್ಲಿ ಅದು ಭದ್ರವಾಗಿದೆ, ಆ ಸಂಸ್ಥೆಗೆ ನಾವು ಕೃತಜ್ಞರು. ಆದರೂ ಪೈಗಳ ಊರಿನ ವಿದ್ಯಾರ್ಥಿ ಪೈಗಳ ಪುಸ್ತಕ ನೋಡಲು ಗಡಿ ದಾಟಬೇಕಾಗಿ ಬಂದಿರುವುದು ನಾವು ನೆನಪಿಡಬೇಕಾದ ಪಾಠ. ಮುತ್ತಿನಂಥ ಸಂಗ್ರಹ ಕೈಯೆಟಕಿನಲ್ಲಿದ್ದಾಗ ಅದನ್ನು ಇರಿಸಿಕೊಳ್ಳಬಲ್ಲ ಗ್ರಂಥಾಲಯವನ್ನು ಊರಿನಲ್ಲಿ ಕಟ್ಟಿರಬೇಕು. ಇಲ್ಲವಾದರೆ ಅದು ಕಟ್ಟಿದವರ ಬಳಿಗೆ ಹೋಗುತ್ತದೆ.

ಹಾಗಾದರೆ ಮಾಡಬೇಕಾದದ್ದೇನು? ಕೇಂದ್ರದ ಯೋಜನೆಯನ್ನು ನಿಲ್ಲಿಸಬೇಕೆಂದು ನಾವು ಹೇಳುವುದಿಲ್ಲ. ಅದರ ಪಕ್ಕದಲ್ಲಿ ಇನ್ನೊಂದು ಸಣ್ಣ ಹಂಡೆಯನ್ನು ಒಲೆಗೇರಿಸಿರೆಂದು ಕೇಳುತ್ತೇವೆ. ವರ್ಷಕ್ಕೆ 2,000 ಕೋಟಿಯನ್ನು 6,300 ಸಂಸ್ಥೆಗಳಿಗೆ ಹಂಚಿ ನೋಡಿದರೆ ಸಂಸ್ಥೆಯೊಂದಕ್ಕೆ ಸರಾಸರಿ 31 ಲಕ್ಷಕ್ಕೂ ಮಿಕ್ಕಿ ಬೀಳುತ್ತದೆ. ಅದರ ನೂರರಲ್ಲೊಂದು ಪಾಲು, ಅಂದರೆ 31 ಸಾವಿರ ರೂಪಾಯಿಯಷ್ಟನ್ನು, ಆಯಾ ಊರಿನ ನುಡಿ, ಚರಿತ್ರೆ, ಜನಜೀವನಗಳ ಪುಸ್ತಕ ಕೊಳ್ಳಲು ಪ್ರತ್ಯೇಕವಾಗಿ ಕೊಟ್ಟರೂ ಪುಸ್ತಕಕ್ಕೆ 250 ರೂಪಾಯಿಯಂತೆ ವರ್ಷಕ್ಕೆ ನೂರಿಪ್ಪತ್ತಕ್ಕೂ ಹೆಚ್ಚು ಪುಸ್ತಕಗಳು ಕಾಲೇಜಿನ ಸ್ವಂತ ಸೊತ್ತಾಗುತ್ತವೆ. ಹತ್ತು ವರ್ಷದಲ್ಲಿ ಒಂದು ಒಳ್ಳೆಯ ಸಂಗ್ರಹ. ಅದನ್ನು ಯಾವ ಚೀಟೂ ಕಿತ್ತುಕೊಳ್ಳಲಾರದು.

ಲೈಸೆನ್ಸಿಗೆ ಸಹಿ ಹಾಕುವಾಗಲೂ ಕೆಲವು ಮಾತುಗಳನ್ನು ಹಟ ಹಿಡಿದು ಬರೆಸಿಕೊಳ್ಳಬೇಕು. ಹಣ ಕೊಟ್ಟ ವರ್ಷಗಳ ಸಂಚಿಕೆಗಳು ಚಂದಾ ನಿಂತ ಮೇಲೂ ನಮಗೆ ಉಳಿಯಬೇಕು. ಚಾಲಗೇಣಿಯಿಂದ ಮೂಲಗೇಣಿಗಾದರೂ ಏರಬೇಕೆಂಬುದು ಇದರ ಅರ್ಥ. ಗ್ರಂಥಾಲಯಕ್ಕೆ ನಡೆದುಬಂದ ಊರಿನವನಿಗೆ ಅಲ್ಲೇ ಕುಳಿತು ಓದುವ ಹಕ್ಕಿರಬೇಕು. ಒಂದು ದೊಡ್ಡ ದೇಶ ಒಟ್ಟಾಗಿ ಚೌಕಾಸಿಗೆ ನಿಂತಾಗಲೂ ಇಷ್ಟನ್ನು ಕೇಳದಿದ್ದರೆ ಒಟ್ಟಾಗಿ ನಿಂತು ಪ್ರಯೋಜನವೇನು?

ಕರ್ನಾಟಕ ಸರಕಾರದ ಹೊಣೆಯೂ ಇಲ್ಲಿದೆ. ಅಲ್ಲಿಯ ಗ್ರಂಥಾಲಯ ಇಲಾಖೆ ಆಯ್ದ ಕನ್ನಡ ಪುಸ್ತಕಗಳ 300 ಪ್ರತಿಗಳವರೆಗೆ ಕೊಳ್ಳುವ ಏರ್ಪಾಡು ಬಹುಕಾಲದಿಂದ ಇದೆ. ಖರೀದಿಯಲ್ಲೂ ಹಣ ಪಾವತಿಯಲ್ಲೂ ವಿಳಂಬವಾಗುತ್ತಿದೆಯೆಂಬ ಪ್ರಕಾಶಕರ ದೂರೂ ಹಳೆಯದೇ. ಆ 300ರ ಜತೆಗೆ ಹತ್ತೇ ಹತ್ತು ಪ್ರತಿಗಳನ್ನು ಕಾಸರಗೋಡು, ಮಂಜೇಶ್ವರ, ಉದಕಮಂಡಲ, ಹೊಸೂರು, ಆದೋನಿ, ಸೊಲ್ಲಾಪುರ, ಅಕ್ಕಲಕೋಟೆಗಳ ಕಾಲೇಜುಗಳಿಗೆಂದು ಕೊಂಡರೆ ಬೊಕ್ಕಸ ಬರಿದಾಗದು. 2010ರ ಕಾಯಿದೆಯಂತೆ ಹುಟ್ಟಿದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರಕ್ಕೆ ಇದಕ್ಕಿಂತ ಹೊಂದುವ ಕೆಲಸ ಬೇರೆ ಯಾವುದು? ಸಭಾಭವನಕ್ಕೆ ಕೊಟ್ಟ ಹಣ ಗೋಡೆಯಾಗುತ್ತದೆ, ಪುಸ್ತಕಕ್ಕೆ ಕೊಟ್ಟ ಹಣ ಓದುಗನಾಗುತ್ತದೆ. ಮೈಸೂರು, ಧಾರವಾಡ, ಹಂಪಿಗಳ ವಿಶ್ವವಿದ್ಯಾನಿಲಯಗಳ ಪ್ರಸಾರಾಂಗಗಳು ಜನರ ತೆರಿಗೆಯ ಹಣದಿಂದ ಅಚ್ಚುಹಾಕಿ, ಈಗ ಪ್ರತಿಗಳು ಮುಗಿದುಹೋದ ಗ್ರಂಥಗಳನ್ನು ಎಲ್ಲರಿಗೂ ಉಚಿತವಾಗಿ ಸಿಗುವಂತೆ ಕಂಪ್ಯೂಟರಿಗೆ ಏರಿಸಲಿ. ತಾವೇ ಹಕ್ಕುದಾರರಾಗಿರುವ ಕಡೆ ಅಪ್ಪಣೆಗೆ ಯಾರ ಬಾಗಿಲು ತಟ್ಟಬೇಕು?

ದಾರಿ ತೋರಿಸಿದವರು ನೆರೆಯಲ್ಲೇ ಇದ್ದಾರೆ. ಕಾಸರಗೋಡೂ ಮದ್ರಾಸಿನಲ್ಲಿದ್ದ ಕಾಲದಲ್ಲೇ, 1949ರಲ್ಲಿ, ಮದ್ರಾಸು ಸರಕಾರ ಸುಬ್ರಹ್ಮಣ್ಯ ಭಾರತಿಯವರ ಕೃತಿಗಳ ಹಕ್ಕನ್ನು ವಹಿಸಿಕೊಂಡು ಅವನ್ನು ಜನರ ಸೊತ್ತಾಗಿಸುವ ದಾರಿ ತೆರೆಯಿತು. ಅನಂತರ ತಮಿಳುನಾಡು ಸರಕಾರ ಹಲವು ಲೇಖಕರ ವಾರಸುದಾರರಿಗೆ ಹಣ ಕೊಟ್ಟು ಆ ಪದ್ಧತಿಯನ್ನು ಮುಂದುವರಿಸಿದೆ. ಗುಂಡರ್ಟ್ ಪಂಡಿತರು ಜರ್ಮನಿಗೆ ಒಯ್ದ ಮಲಯಾಳದ ಹಸ್ತಪ್ರತಿಗಳನ್ನೂ ಪುಸ್ತಕಗಳನ್ನೂ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯ 2018ರಲ್ಲಿ ಉಚಿತವಾಗಿ ತೆರೆದಿಟ್ಟಿತು. ಮಲಯಾಳಿಗರು ಕೇಳಿದರು, ಪಡೆದರು. ಬಾಸೆಲ್‌ನಲ್ಲಿರುವ ಕನ್ನಡದ, ತುಳುವಿನ, ಬಡಗದ ಕಾಗದಗಳಿಗಾಗಿ ಕೇಳಬೇಕಾದವರು ನಾವು.

ಕಾನೂನೂ ನಮಗೆ ಪೂರ್ತಿ ವಿರೋಧವಾಗಿಲ್ಲ. ಲೇಖಕ ತೀರಿಕೊಂಡ ಮರುವರ್ಷದಿಂದ 60 ವರ್ಷ ಕಳೆದರೆ ಹಕ್ಕುಸ್ವಾಮ್ಯ ಮುಗಿಯುತ್ತದೆ. ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ಅವರು ಬದುಕಿದ್ದಾಗ ಪ್ರಕಟವಾದ ಮೂಲಕೃತಿಗಳು 2024ರ ಜನವರಿ 1ರಿಂದ ಎಲ್ಲರ ಸೊತ್ತು. ಭಾರತದಲ್ಲಿ ಮಾರಾಟಕ್ಕೆ ಸಿಗದ ಪುಸ್ತಕದ ಮೂರು ಪ್ರತಿಗಳವರೆಗೆ ಸಾರ್ವಜನಿಕ ಗ್ರಂಥಾಲಯ ತನ್ನ ಬಳಕೆಗೆ ಮಾಡಿಕೊಳ್ಳಬಹುದೆಂದು 1957ರ ಹಕ್ಕುಸ್ವಾಮ್ಯ ಕಾಯಿದೆಯೇ ಹೇಳುತ್ತದೆ. ತನ್ನಲ್ಲಿರುವ ಪುಸ್ತಕವನ್ನು ಉಳಿಸಿಕೊಳ್ಳಲು ಕಂಪ್ಯೂಟರಿನಲ್ಲಿ ಶೇಖರಿಸಬಹುದೆಂದು 2012ರ ತಿದ್ದುಪಡಿ ಹೇಳಿದೆ. ತರಗತಿಯ ಪಾಠಕ್ಕಾಗಿ ಪುಸ್ತಕಗಳ ಭಾಗಗಳನ್ನು ಜೆರಾಕ್ಸ್ ಮಾಡಿಸುವುದರ ವಿರುದ್ಧ ದೊಡ್ಡ ಪ್ರಕಾಶಕರು ಹೂಡಿದ್ದ ದಾವೆಯನ್ನು ದಿಲ್ಲಿ ಉಚ್ಚ ನ್ಯಾಯಾಲಯ 2016ರ ಸೆಪ್ಟೆಂಬರಿನಲ್ಲಿ ವಜಾಗೊಳಿಸಿತು. ಮೇಲ್ಮನವಿಯ ಬಳಿಕ 2017ರಲ್ಲಿ ಪ್ರಕಾಶಕರು ಹಿಂದೆ ಸರಿದರು. ಇರುವ ಈ ಹಕ್ಕುಗಳನ್ನು ನಮ್ಮ ಕಾಲೇಜುಗಳು ಬಳಸಲಿ. ಹೆದರಿ ಕುಳಿತರೆ ಹಕ್ಕು ಕಾಗದದಲ್ಲೇ ಉಳಿಯುತ್ತದೆ.

ಭಾರತದ ಗ್ರಂಥಾಲಯ ಶಾಸ್ತ್ರದ ಪಿತಾಮಹರೆನಿಸಿದ ಎಸ್. ಆರ್. ರಂಗನಾಥನ್ ಒಂದು ಕಾಲದಲ್ಲಿ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಗಣಿತದ ಅಧ್ಯಾಪಕರಾಗಿದ್ದವರು. ಪ್ರತಿಯೊಬ್ಬ ಓದುಗನಿಗೂ ಅವನಿಗೆ ತಕ್ಕ ಪುಸ್ತಕ ಸಿಗಬೇಕೆಂಬುದು 1931ರಲ್ಲಿ ಅವರು ಹೇಳಿದ ಸೂತ್ರಗಳಲ್ಲೊಂದರ ತಾತ್ಪರ್ಯ. 13,000 ಪತ್ರಿಕೆಗಳ ಬಾಗಿಲು ತೆರೆದರೂ ತುಮ್ಮನಟ್ಟಿಯ ಹುಡುಗಿಗೆ ಅವಳ ಪುಸ್ತಕ ಸಿಗದಿದ್ದರೆ, ಮಂಜೇಶ್ವರದ ಹುಡುಗನಿಗೆ ಅವನ ಪುಸ್ತಕ ಸಿಗದಿದ್ದರೆ ಆ ಸೂತ್ರ ಅರ್ಧಕ್ಕೇ ನಿಂತಂತೆ.

ಗೇಣಿಯ ಮನೆಯಲ್ಲಿ ಎಷ್ಟು ವರ್ಷ ಇದ್ದರೂ ಹಿತ್ತಿಲಲ್ಲಿ ತೆಂಗಿನ ಸಸಿ ನೆಡಲು ಮನಸ್ಸು ಬಾರದು. ಲೋಕದ ಜ್ಞಾನವನ್ನು ಅಗತ್ಯವಿದ್ದಷ್ಟು ಕಾಲ ಗೇಣಿಗೆ ತರೋಣ, ತಪ್ಪಿಲ್ಲ. ಆದರೆ ನಮ್ಮ ನುಡಿಯ ಪುಸ್ತಕಗಳನ್ನಾದರೂ ಸ್ವಂತಕ್ಕೆ ಕೊಂಡು, ದಾಖಲೆಗೆ ಏರಿಸಿ, ಮಕ್ಕಳ ಕೈಗೆ ಕೊಡೋಣ. ಮುಂದಿನ ವರ್ಷದ ಪುಸ್ತಕ ಪಟ್ಟಿಯನ್ನು ಕಾಲೇಜುಗಳ ಗ್ರಂಥಾಲಯ ಸಮಿತಿಗಳು ತಯಾರಿಸುವಾಗ ಕನ್ನಡ ಅಧ್ಯಾಪಕರು ಸುಮ್ಮನಿರದೆ ಹೆಸರುಗಳನ್ನು ಬರೆದುಕೊಡಲಿ. ಕೇಂದ್ರ, ಕೇರಳ, ಕರ್ನಾಟಕ ಮತ್ತು ತಮಿಳುನಾಡಿನ ಸಂಬಂಧಪಟ್ಟವರು ಇನ್ನಾದರೂ ಇತ್ತ ಗಮನ ಹರಿಸುವರೆಂದು ನಾವು ಆಶಿಸುತ್ತೇವೆ.